ಸಪ್ರೆಸರ್ ತೆರಿಗೆ ಸೊನ್ನೆಯಾಯಿತು. ಬೇಟೆಗೆ ಹೋಗುವ ಮಗುವಿನ ಕಿವಿಗೆ ದಕ್ಕಿದ್ದೆಷ್ಟು?

ಅಮೆರಿಕದಲ್ಲಿ ಬಂದೂಕಿನ ನಳಿಕೆಗೆ ಅಳವಡಿಸಿ ಗುಂಡಿನ ಸದ್ದು ತಗ್ಗಿಸುವ ಸಪ್ರೆಸರ್ ಎಂಬ ಸಾಧನ ಕೊಳ್ಳುವವರು ಫೆಡರಲ್ ಸರ್ಕಾರಕ್ಕೆ ಕಟ್ಟಬೇಕಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಗೆ ಇಳಿದಿದೆ. ಈ ಬದಲಾವಣೆಗಾಗಿ ಹತ್ತು ವರ್ಷಗಳಿಂದ ಒತ್ತಾಯಿಸುತ್ತ ಬಂದವರು ಮುಂದಿಟ್ಟ ಮುಖ್ಯ ಕಾರಣ ಶ್ರವಣ ರಕ್ಷಣೆ, ಅದರಲ್ಲೂ ಬೇಟೆಗೆ ಹೋಗುವ ಕುಟುಂಬಗಳ ಮತ್ತು ಮಕ್ಕಳ ಕಿವಿಯ ರಕ್ಷಣೆ. ವಿರೋಧಿಸಿದವರು ಅದನ್ನು ಬಂದೂಕು ಉದ್ಯಮದ ನೆಪವೆಂದು ತಳ್ಳಿಹಾಕಿ, ಕಿವಿ ಕಾಪಾಡಲು ಎರಡೂ ಕಿವಿಯನ್ನು ಬಟ್ಟಲಿನಂತೆ ಮುಚ್ಚುವ ಇಪ್ಪತ್ತು ಮೂವತ್ತು ಡಾಲರಿನ ಇಯರ್‌ಮಫ್ ಸಾಕು ಎಂದರು. ಇವೆರಡರ ನಡುವೆ ಸಿಕ್ಕಿಕೊಂಡದ್ದು ಆರೇಳು ವರ್ಷದ ಮಗುವನ್ನು ಜಿಂಕೆ ಬೇಟೆಗೆ ಕರೆದೊಯ್ಯಲು ಹೊರಟ ತಂದೆತಾಯಿಯ ಸರಳ ಪ್ರಶ್ನೆ: ಮಗುವಿನ ಕಿವಿಗೆ ಏನು ಹಾಕಬೇಕು, ಹಾಕಿದ್ದು ಸಾಲುತ್ತದೆಯೇ?

ಲೆಕ್ಕ ಹಾಕಿ ನೋಡಿದರೆ ಎರಡೂ ಪಕ್ಷಗಳು ಹೇಳುತ್ತಿರುವುದು ಅರ್ಧ ಸತ್ಯ.

ಕಾನೂನಿನಲ್ಲಿ ಬದಲಾದದ್ದು, ಬದಲಾಗದ್ದು

ಈ ಸಾಧನವನ್ನು ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಪೇಟೆಂಟ್ ಮಾಡಿಸಿದಾಗ ಅದಕ್ಕೆ ಯಾವ ನಿರ್ಬಂಧವೂ ಇರಲಿಲ್ಲ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಅದನ್ನು ಮೆಷಿನ್ ಗನ್ನುಗಳ ಸಾಲಿಗೆ ಸೇರಿಸಿ 200 ಡಾಲರ್ ತೆರಿಗೆ ಹಾಕಿತು. ಆ ಕಾಲಕ್ಕೆ ಅದು ಸಾಮಾನ್ಯರು ಕೈಹಾಕಲಾಗದ ಮೊತ್ತ. ಮುಂದಿನ ತೊಂಬತ್ತು ವರ್ಷ ಅದು ಒಂದು ಡಾಲರೂ ಏರಲಿಲ್ಲ, ಇಳಿಯಲೂ ಇಲ್ಲ. 2015ರಲ್ಲಿ ಸಪ್ರೆಸರನ್ನು ಈ ಕಾನೂನಿನಿಂದ ಹೊರತರಲು ಹಿಯರಿಂಗ್ ಪ್ರೊಟೆಕ್ಷನ್ ಆ್ಯಕ್ಟ್ ಎಂಬ ಮಸೂದೆ ಮೊದಲ ಬಾರಿ ಅಮೆರಿಕದ ಸಂಸತ್ತಿಗೆ ಬಂದಿತು. 2017ರಲ್ಲಿ ಮತ್ತೆ ವೇಗ ಪಡೆದರೂ ಆ ವರ್ಷದ ಅಕ್ಟೋಬರ್ 1ರ ಲಾಸ್ ವೇಗಸ್ ಗುಂಡಿನ ಹತ್ಯಾಕಾಂಡದ ನಂತರ ಅದು ಮುಂದೆ ಸಾಗದೆ ನಿಂತಿತು.

2025ರ ಜುಲೈ 4ರಂದು ಸಹಿ ಬಿದ್ದ ಬೃಹತ್ ತೆರಿಗೆ ಮತ್ತು ಬಜೆಟ್ ಕಾನೂನಿನಲ್ಲಿ ಸಪ್ರೆಸರನ್ನು 1934ರ ಕಾನೂನಿನ ವ್ಯಾಪ್ತಿಯಿಂದಲೇ ಹೊರಗಿಡುವ ಪ್ರಯತ್ನ ನಡೆಯಿತು. ಆದರೆ ಬಜೆಟ್ ಮಸೂದೆಯೊಳಗೆ ಹಣಕಾಸಿಗೆ ಸಂಬಂಧಿಸದ ವಿಷಯ ನುಸುಳಬಾರದೆಂಬ ಬರ್ಡ್ ನಿಯಮದ ಆಧಾರದ ಮೇಲೆ ಸೆನೆಟ್ಟಿನ ಪಾರ್ಲಿಮೆಂಟೇರಿಯನ್, ಅಂದರೆ ಸದನದ ನಿಯಮಗಳ ಸಲಹೆಗಾರ್ತಿ, ಎಲಿಜಬೆತ್ ಮ್ಯಾಕ್‌ಡೊನೊ ಅದಕ್ಕೆ ಒಪ್ಪಲಿಲ್ಲ. ಹಾಗಾಗಿ ತೆರಿಗೆ ಮಾತ್ರ ಸೊನ್ನೆಯಾಯಿತು. ಬೆರಳಚ್ಚು, ಭಾವಚಿತ್ರ, ಅರ್ಜಿ, ನೋಂದಣಿ ಎಲ್ಲವೂ ಹಾಗೆಯೇ ಉಳಿದವು. ಸಪ್ರೆಸರ್ ಈಗ ಮುಕ್ತವಾಗಿ ಸಿಗುತ್ತದೆ ಎಂಬ ಸುದ್ದಿ ಆದ್ದರಿಂದ ತಪ್ಪು. ಅಲ್ಲದೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಮ್ಯಾಸಚೂಸೆಟ್ಸ್, ಹವಾಯಿ, ರೋಡ್ ಐಲೆಂಡ್, ಡೆಲವೇರ್, ಈ ಎಂಟು ರಾಜ್ಯಗಳಲ್ಲಿ ನಾಗರಿಕರು ಅದನ್ನು ಇಟ್ಟುಕೊಳ್ಳುವಂತೆಯೇ ಇಲ್ಲ. ಕನೆಕ್ಟಿಕಟ್‌ನಲ್ಲಿ ಇಟ್ಟುಕೊಳ್ಳಬಹುದಾದರೂ ಬೇಟೆಗೆ ಬಳಸುವಂತಿಲ್ಲ.

ಇದೇ ಅವಧಿಯಲ್ಲಿ ಬೇಟೆಯ ವಯೋಮಿತಿ ಸಡಿಲವಾಗುತ್ತ ಬಂದಿದೆ. ವಿಸ್ಕಾನ್ಸಿನ್‌ನಲ್ಲಿ ಹಿರಿಯರ ಜೊತೆಗೂಡಿ ಬೇಟೆಯಾಡಲು 10 ವರ್ಷ ತುಂಬಿರಬೇಕೆಂಬ ನಿಯಮವಿತ್ತು. 2017ರಲ್ಲಿ ಕನಿಷ್ಠ ವಯಸ್ಸನ್ನೇ ತೆಗೆದುಹಾಕಲಾಯಿತು. ಪರವಾನಗಿಯಿಲ್ಲದೆ, ಬಂದೂಕು ಮುಟ್ಟದೆ, ನೋಡಲೆಂದು ಪಕ್ಕದಲ್ಲಿ ಕೂರುವ ಮಕ್ಕಳ ಸಂಖ್ಯೆ ಯಾವ ದಾಖಲೆಗೂ ಸಿಗುವುದಿಲ್ಲ. ಸದ್ದಿನ ದೃಷ್ಟಿಯಿಂದ ಹೆಚ್ಚು ಅಪಾಯದಲ್ಲಿರುವವರು ಹಲವು ಸಲ ಅವರೇ.

ಗುಂಡಿನ ಸದ್ದು ಕಿವಿಯೊಳಗೆ ಮಾಡುವುದೇನು

ಬಹುತೇಕ ಎಲ್ಲ ಬಂದೂಕುಗಳ ಸದ್ದಿನ ತುದಿ 140 ಡೆಸಿಬಲ್ ಮೀರುತ್ತದೆ. ಚಿಕ್ಕ ಗುಂಡಿನ ಪಾಯಿಂಟ್ 22 ರೈಫಲ್ ಸುಮಾರು 140ರ ಆಸುಪಾಸಿನಲ್ಲಿದ್ದರೆ ದೊಡ್ಡ ಕ್ಯಾಲಿಬರಿನ ಕೆಲವು ರೈಫಲ್ ಮತ್ತು ಪಿಸ್ತೂಲುಗಳು 175ನ್ನೂ ದಾಟುತ್ತವೆ. ಡೆಸಿಬಲ್ ಅಳತೆ ಸಾಮಾನ್ಯ ಎಣಿಕೆಯಂತೆ ಏರುವುದಿಲ್ಲ. ಅಳತೆಯಲ್ಲಿ 20 ಏರಿದರೆ ಗಾಳಿಯ ಒತ್ತಡ ಹತ್ತು ಪಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಇಂಥ ಸಿಡಿತದ ಸದ್ದಿಗೆ ವಯಸ್ಕರಿಗೆ 140, ಮಕ್ಕಳಿಗೆ 120 ಡೆಸಿಬಲ್ ಮಿತಿ ಸೂಚಿಸಿದೆ. ಅಂದರೆ ದೊಡ್ಡವರು ತಾಳಬಹುದೆಂದು ಒಪ್ಪಿಕೊಂಡ ಒತ್ತಡದ ಹತ್ತರಲ್ಲಿ ಒಂದು ಪಾಲು ಮಾತ್ರ ಮಗುವಿನ ಕಿವಿಗೆ ಸಲ್ಲುತ್ತದೆ.

ಒಳಗಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ನರಸಂಕೇತವಾಗಿ ಬದಲಿಸುವ ರೋಮಕೋಶಗಳು ಪ್ರತಿ ಕಿವಿಯಲ್ಲಿ ಸುಮಾರು 15,000 ಇರುತ್ತವೆ. ಹುಟ್ಟುವ ಮುನ್ನವೇ ರೂಪುಗೊಳ್ಳುವ ಈ ಕೋಶಗಳು ಮನುಷ್ಯರಲ್ಲಿ ಸತ್ತರೆ ಮತ್ತೆ ಬೆಳೆಯುವುದಿಲ್ಲ. ಕಾರ್ಖಾನೆಯ ನಿರಂತರ ಗದ್ದಲ ಇವನ್ನು ನಿಧಾನವಾಗಿ ದಣಿಸಿ ಕೊಲ್ಲುತ್ತದೆ. ಅಲ್ಲಿ ಎಷ್ಟು ಹೊತ್ತು ಕೇಳಿದಿರಿ ಎಂಬುದು ಮುಖ್ಯ. ಗುಂಡಿನ ಸದ್ದು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿದುಹೋದರೂ ಆ ಒಂದು ಒತ್ತಡದ ಅಲೆಯೇ ಕೋಶಗಳನ್ನು ಕಿತ್ತುಹಾಕಬಲ್ಲದು. ದೊಡ್ಡ ಸದ್ದಿಗೆ ಮಧ್ಯಗಿವಿಯ ಸ್ನಾಯುಗಳು ಬಿಗಿದುಕೊಂಡು ಕೊಡುವ ಸಹಜ ರಕ್ಷಣೆ ಜಾಗೃತವಾಗುವಷ್ಟರಲ್ಲಿ ಅಲೆ ಒಳಗೆ ದಾಟಿರುತ್ತದೆ. ಬೇಟೆಯಲ್ಲಿ ಹಾರಿಸುವುದೇ ದಿನಕ್ಕೆ ಒಂದೋ ಎರಡೋ ಗುಂಡು, ಅಷ್ಟಕ್ಕೆ ಏನಾಗುತ್ತದೆ ಎಂಬ ಮಾತು ಈ ಕಾರಣಕ್ಕೆ ನಿಲ್ಲುವುದಿಲ್ಲ.

ಇನ್ನೊಂದು ಸಮಾಧಾನದ ಮಾತೂ ಇದೆ: ಕಿವಿ ಗುಂಯ್ ಎಂದರೂ ಮರುದಿನ ಸರಿಹೋಗುತ್ತದೆ. ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ 2009ರಲ್ಲಿ ಪ್ರಕಟಿಸಿದ ಇಲಿಗಳ ಮೇಲಿನ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ಗದ್ದಲದ ನಂತರ ಇಲಿಗಳ ಶ್ರವಣಮಟ್ಟ ಮೊದಲಿನಂತಾದರೂ ರೋಮಕೋಶಗಳನ್ನು ನರಕ್ಕೆ ಜೋಡಿಸುವ ಕೊಂಡಿಗಳು ಗಣನೀಯವಾಗಿ ನಾಶವಾಗಿದ್ದವು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬ ಚರ್ಚೆ ಮುಗಿದಿಲ್ಲವಾದರೂ, ಮುಂದೆ ಎಪ್ಪತ್ತು ವರ್ಷ ಬಳಸಬೇಕಾದ ಕಿವಿಯ ವಿಷಯದಲ್ಲಿ ಮರುದಿನದ ಸಮಾಧಾನವನ್ನು ನೆಚ್ಚುವುದು ದುಬಾರಿ ಜೂಜು.

ಗುಂಡಿನ ಹಾನಿ ಮೊದಲು ಕಾಣಿಸಿಕೊಳ್ಳುವುದು 3,000ದಿಂದ 6,000 ಹರ್ಟ್ಸ್ ನಡುವೆ. ಸ, ಶ, ಚ, ತ ಮುಂತಾದ ವ್ಯಂಜನಗಳ ಸ್ಪಷ್ಟತೆ ನಿಂತಿರುವುದು ಬಹುಮಟ್ಟಿಗೆ ಈ ಎತ್ತರದ ಸ್ವರಗಳ ಮೇಲೆ. ಮಗುವಿಗೆ ಮಾತು ಕೇಳಿಸುತ್ತದೆ, ಆದರೆ ಗದ್ದಲದ ತರಗತಿಯಲ್ಲಿ ಪದ ಒಡೆದು ತಿಳಿಯುವುದಿಲ್ಲ. ತನಗೆ ಕಡಿಮೆ ಕೇಳಿಸುತ್ತಿದೆ ಎಂದು ಆರು ವರ್ಷದ ಮಗು ಹೇಳಲಾರದು, ಏಕೆಂದರೆ ಹೋಲಿಸಿ ನೋಡಲು ಅದಕ್ಕೆ ಬೇರೆ ಅನುಭವವಿಲ್ಲ. ಗಮನ ಕೊಡುವುದಿಲ್ಲ ಎಂಬ ಶಿಕ್ಷಕರ ದೂರೇ ಎಷ್ಟೋ ಬಾರಿ ಮೊದಲ ಸುಳಿವಾಗುತ್ತದೆ.

ಕೂಡಿ ಕಳೆದು ನೋಡಿದರೆ

ಜಿಂಕೆ ಬೇಟೆಗೆ ಬಳಸುವ ಮಧ್ಯಮ ಗಾತ್ರದ ರೈಫಲಿನ ಸದ್ದನ್ನು ಹತ್ತಿರದಲ್ಲಿ 165 ಡೆಸಿಬಲ್ ಎಂದಿಟ್ಟುಕೊಳ್ಳೋಣ. ಮಗುವಿನ ತಲೆಯ ಮೇಲೆ ಎನ್‌ಆರ್‌ಆರ್ 22 ಎಂದು ಬರೆದ ಇಯರ್‌ಮಫ್ ಇದೆ. ಎನ್‌ಆರ್‌ಆರ್ ಎಂದರೆ ಪ್ರಯೋಗಾಲಯದಲ್ಲಿ ಅಳೆದ ಸದ್ದಿನ ಇಳಿಕೆಯ ಅಂಕಿ. ನಿಜ ಬಳಕೆಯಲ್ಲಿ ಅಷ್ಟು ದೊರೆಯುವುದಿಲ್ಲವೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಮಫ್‌ಗಳ ಅಂಕಿಯಲ್ಲಿ ಶೇ 25ರಷ್ಟು, ಕಿವಿಯೊಳಗೆ ಅದುಮಿ ಹಾಕುವ ಫೋಮ್ ಪ್ಲಗ್‌ಗಳ ಅಂಕಿಯಲ್ಲಿ ಶೇ 50ರಷ್ಟು ಕಳೆಯುವಂತೆ ಸೂಚಿಸಿದೆ. ಹಾಗಾಗಿ 22ರಲ್ಲಿ ಉಳಿಯುವುದು ಹದಿನಾರೂವರೆ. ಮಗುವಿನ ಕಿವಿಗೆ ತಲುಪುವುದು ಸುಮಾರು 148. ಇದು ವಯಸ್ಕರ ಮಿತಿಗಿಂತಲೂ ಮೇಲೆ.

ಮಫ್ ಒಳಗೆ ಪ್ಲಗ್ಗೂ ಹಾಕಿದರೆ? ಎರಡರ ಅಂಕಿಗಳು ಕೂಡುವುದಿಲ್ಲ. ಹೆಚ್ಚು ಅಂಕಿಯಿರುವ ಸಾಧನಕ್ಕೆ ಸುಮಾರು 5 ಡೆಸಿಬಲ್ ಸೇರುತ್ತದೆ, ಅಷ್ಟೆ. ಬಹಳ ಉದಾರವಾಗಿ ಲೆಕ್ಕ ಹಾಕಿದರೂ 140ರ ಹತ್ತಿರ ಬಂದು ನಿಲ್ಲುತ್ತೇವೆ. ಈಗ ಪ್ಲಗ್ ತೆಗೆದು ಬಂದೂಕಿಗೆ ಸಪ್ರೆಸರ್ ಹಾಕೋಣ. ಅದು ಸಾಮಾನ್ಯವಾಗಿ 20ರಿಂದ 35 ಡೆಸಿಬಲ್ ಇಳಿಸುತ್ತದೆ. 30 ಎಂದು ಹಿಡಿದರೆ 165ರ ಸದ್ದು 135 ಆಗುತ್ತದೆ. ಮಫ್ ಇಲ್ಲದ ಮಗುವಿಗೆ ಅದೂ ಮಿತಿ ಮೀರಿದ್ದೇ. ಮಫ್ ಸೇರಿದರೆ ಮಾತ್ರ 118ರ ಸುಮಾರಿಗೆ ಇಳಿದು ಮಕ್ಕಳ ಮಿತಿಯೊಳಗೆ ಬರುತ್ತದೆ. ಎನ್‌ಆರ್‌ಆರ್ ನಿರಂತರ ಸದ್ದಿಗಾಗಿ ರೂಪಿಸಿದ ಅಂಕಿಯಾದ್ದರಿಂದ ಸಿಡಿತದ ಸದ್ದಿನಿಂದ ಅದನ್ನು ಹೀಗೆ ನೇರವಾಗಿ ಕಳೆಯುವುದು ಅಂದಾಜು ಮಾತ್ರ. ಆದರೂ ಚಿತ್ರ ಸ್ಪಷ್ಟವಾಗಿದೆ. ಸಪ್ರೆಸರ್ ಇಲ್ಲದ ಜಿಂಕೆ ರೈಫಲಿನ ಪಕ್ಕದಲ್ಲಿ ಕೂತ ಮಗುವನ್ನು ಕಿವಿಗೆ ಹಾಕುವ ಸಾಧನಗಳಿಂದಷ್ಟೇ ಸುರಕ್ಷಿತ ಮಿತಿಯೊಳಗೆ ತರಲಾಗದು. ಮಫ್ ಸಾಕು ಎನ್ನುವವರು ಇದನ್ನು ಹೇಳುವುದಿಲ್ಲ, ಸಪ್ರೆಸರ್ ಸಾಕು ಎನ್ನುವವರು ಮಫ್ ಬೇಕೆಂಬುದನ್ನು ಹೇಳುವುದಿಲ್ಲ.

ಸಪ್ರೆಸರ್ ತಗ್ಗಿಸುವುದು ನಳಿಕೆಯ ಬಾಯಲ್ಲಿ ಸ್ಫೋಟಿಸುವ ಅನಿಲದ ಸದ್ದನ್ನು. ಶಬ್ದವೇಗವನ್ನು ಮೀರಿ ಹೋಗುವ ಗುಂಡು ತನ್ನ ದಾರಿಯುದ್ದಕ್ಕೂ ಹುಟ್ಟಿಸುವ ಚಟೀರೆಂಬ ಸದ್ದಿಗೆ ಅದು ಏನೂ ಮಾಡಲಾರದು.

ವಾದ, ಪ್ರತಿವಾದ, ನಡುವಿನ ಮಾತು

ಅಮೆರಿಕನ್ ಸಪ್ರೆಸರ್ ಅಸೋಸಿಯೇಷನ್, ನ್ಯಾಷನಲ್ ರೈಫಲ್ ಅಸೋಸಿಯೇಷನ್ ಮೊದಲಾದ ಬೆಂಬಲಿಗರು ಮೂಲದಲ್ಲೇ ಸದ್ದು ತಗ್ಗಿಸುವುದು ಶ್ರವಣ ರಕ್ಷಣೆಯ ಮೊದಲ ತತ್ವವೆನ್ನುತ್ತಾರೆ. ಕಾರ್ಖಾನೆಗಳ ವಿಷಯದಲ್ಲಿ ಎಲ್ಲರೂ ಒಪ್ಪುವ ತತ್ವವಿದು. ಬಂದೂಕು ಕಾನೂನು ಬಿಗಿಯಾಗಿರುವ ನ್ಯೂಜಿಲೆಂಡ್ ಮತ್ತು ನಾರ್ವೆಗಳಲ್ಲಿ ಬೇಟೆಗಾರರು ಸಪ್ರೆಸರನ್ನು ಸರಳವಾಗಿ ಕೊಳ್ಳಬಹುದು ಎಂಬುದನ್ನೂ ಅವರು ಎತ್ತಿ ತೋರಿಸುತ್ತಾರೆ.

ವಿರೋಧಿಗಳ ಭಯ ಬೇರೆ ದಿಕ್ಕಿನದು. ಗುಂಡು ಎಲ್ಲಿಂದ ಬರುತ್ತಿದೆ ಎಂದು ಜನರಿಗಾಗಲಿ ಪೊಲೀಸರಿಗಾಗಲಿ ತಿಳಿಯುವುದು ಕಷ್ಟವಾಗುತ್ತದೆ ಎನ್ನುವ ಗಿಫರ್ಡ್ಸ್, ಬ್ರೇಡಿ ಮುಂತಾದ ಬಂದೂಕು ನಿಯಂತ್ರಣ ಪರ ಸಂಘಟನೆಗಳು 2019ರ ಮೇ 31ರಂದು ವರ್ಜೀನಿಯಾ ಬೀಚ್‌ನಲ್ಲಿ 12 ಜನರನ್ನು ಕೊಂದವನ ಬಳಿ ಸಪ್ರೆಸರ್ ಇತ್ತೆಂಬುದನ್ನು ನೆನಪಿಸುತ್ತವೆ. ಈ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮಗುವಿನ ಕಿವಿಗೆ ಇಯರ್‌ಮಫ್ ಸಾಕೆಂಬ ಮಾತನ್ನು ಅದು ನಿಜವಾಗಿಸುವುದೂ ಇಲ್ಲ. ಎರಡು ಪ್ರತ್ಯೇಕ ಪ್ರಶ್ನೆಗಳನ್ನು ಒಂದೇ ಕಾನೂನಿನಲ್ಲಿ ಕಟ್ಟಿಹಾಕಿದ್ದರಿಂದ ಉತ್ತರಗಳೂ ಕಲಸಿಹೋಗಿವೆ.

ಈ ಗದ್ದಲದಲ್ಲಿ ಮಕ್ಕಳ ತಜ್ಞರ ದನಿ ಕೇಳಿಸಿದ್ದು ಕಡಿಮೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2023ರಲ್ಲಿ ಶಿಶುಗಳು ಮತ್ತು ಮಕ್ಕಳನ್ನು ಅತಿಯಾದ ಸದ್ದಿನಿಂದ ಕಾಪಾಡುವ ಬಗ್ಗೆ ನೀತಿ ಹೇಳಿಕೆ ಹೊರಡಿಸಿತು. ವಯಸ್ಕ ಕಾರ್ಮಿಕರಿಗೆಂದು ರೂಪಿಸಿದ ಮಿತಿಗಳನ್ನು ಮಕ್ಕಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ಬಹುಕಾಲದ ಆಕ್ಷೇಪ. ಆದರೂ ಸಪ್ರೆಸರ್ ಜಾಹೀರಾತುಗಳು 140ರ ಕೆಳಗೆ ಬಂದದ್ದನ್ನೆಲ್ಲ ಕಿವಿಗೆ ಸುರಕ್ಷಿತವೆಂದು ಕರೆಯುತ್ತವೆ. ಚಿತ್ರದಲ್ಲಿ ಪಕ್ಕದಲ್ಲಿರುವುದು ಮಗುವಾದರೂ ಸರಿ.

ತಲೆಗೆ ಕೂರಬೇಕು, ತಲೆಯ ಮೇಲೆ ಉಳಿಯಬೇಕು

ಡಬ್ಬಿಯ ಮೇಲಿನ ಅಂಕಿಯನ್ನು ನೋಡಿ ಮಫ್ ಆರಿಸುವುದು ವಾಡಿಕೆ. 25 ಎಂದು ಬರೆದದ್ದು 22ಕ್ಕಿಂತ ಮೇಲು ಎಂಬ ತರ್ಕ ಸಹಜವಾದರೂ ಮಕ್ಕಳ ವಿಷಯದಲ್ಲಿ ಅದು ದಾರಿ ತಪ್ಪಿಸುತ್ತದೆ. ಆ ಅಂಕಿ ಬಂದಿರುವುದು ಪ್ರಯೋಗಾಲಯದಲ್ಲಿ ಹತ್ತು ಮಂದಿ ವಯಸ್ಕರ ತಲೆಯ ಮೇಲೆ ಸರಿಯಾಗಿ ಕೂರಿಸಿ ಮಾಡಿದ ಪರೀಕ್ಷೆಯಿಂದ. ಪುಟ್ಟ ತಲೆಯ ಮೇಲೆ ದೊಡ್ಡವರ ಮಫ್ ಹಾಕಿದರೆ ಪಟ್ಟಿ ಸಡಿಲವಾಗಿ, ದವಡೆಯ ಮೂಲೆಯಲ್ಲಿ ಅಥವಾ ಕಿವಿಯ ಹಿಂದಿನ ತಗ್ಗಿನಲ್ಲಿ ಸಂದು ಉಳಿಯುತ್ತದೆ. ಗ್ಯಾಸ್ಕೆಟ್ ಸವೆದ ಕುಕ್ಕರಿನ ಹಾಗೆ, ಉಳಿದೆಲ್ಲ ಭಾಗ ಎಷ್ಟೇ ಗಟ್ಟಿಯಿದ್ದರೂ ಆ ಒಂದು ಸಂದಿನಲ್ಲೇ ಕೆಲಸ ಕೆಡುತ್ತದೆ. ಚಳಿಗಾಲದ ಟೋಪಿಯ ಅಂಚು, ಕನ್ನಡಕದ ಕಡ್ಡಿ, ಜಡೆ, ಕಿವಿಯ ಓಲೆ, ಇವುಗಳಲ್ಲಿ ಯಾವುದು ಮೆತ್ತೆಯ ಕೆಳಗೆ ಸಿಕ್ಕಿಕೊಂಡರೂ ಫಲ ಒಂದೇ. ಅಮೆರಿಕದ ಜಿಂಕೆ ಬೇಟೆ ಹೆಚ್ಚಾಗಿ ನವೆಂಬರಿನ ಕೊರೆಯುವ ಚಳಿಯಲ್ಲಿ ನಡೆಯುವುದರಿಂದ ಟೋಪಿಯ ಸಮಸ್ಯೆ ಚಿಕ್ಕದಲ್ಲ. ಮಫ್ ಮೊದಲು, ಅದರ ಮೇಲೆ ಟೋಪಿ ಎಂಬ ಕ್ರಮ ಅನುಸರಿಸಬೇಕಾಗುತ್ತದೆ. ಮೆತ್ತೆಗಳು ಬೆವರು, ಬಿಸಿಲುಗಳಿಗೆ ಗಡುಸಾಗಿ ಬಿರುಕು ಬಿಡುತ್ತವೆ. ಅಣ್ಣನ ಹಳೆಯ ಮಫ್ ತಮ್ಮನಿಗೆ ಬರುವ ಮನೆಗಳಲ್ಲಿ ಅವನ್ನು ಬದಲಿಸದೆ ಕೊಡಬಾರದು.

ಫೋಮ್ ಪ್ಲಗ್‌ಗಳನ್ನು ತಯಾರಿಸಿರುವುದು ವಯಸ್ಕರ ಕಿವಿನಾಳಕ್ಕೆ. ಚಿಕ್ಕ ಮಗುವಿನ ಕಿವಿಯಲ್ಲಿ ಅವು ಆಳಕ್ಕೆ ಇಳಿಯದೆ ಹೊರಗೇ ಉಬ್ಬಿ ನಿಲ್ಲುತ್ತವೆ, ಕೈಗೆ ಸಿಕ್ಕರೆ ಬಾಯಿಗೂ ಹೋಗುತ್ತವೆ. ಶಿಶುಗಳಿಗೂ ಪುಟ್ಟ ಮಕ್ಕಳಿಗೂ ಪ್ಲಗ್ ಆದ್ದರಿಂದ ಸಲ್ಲದು. ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ ಚಿಕ್ಕ ಗಾತ್ರದ ಪ್ಲಗ್ ಹೊಂದುವುದಾದರೆ ಮಫ್ ಜೊತೆ ಬಳಸಬಹುದು. ಹಾಕುವುದು ಮಾತ್ರ ದೊಡ್ಡವರ ಕೆಲಸ. ಕಿವಿಯ ಅಚ್ಚು ತೆಗೆಸಿ ಮಾಡಿಸುವ ಪ್ಲಗ್ ಚೆನ್ನಾಗಿ ಕೂತರೂ ಮಗು ಬೆಳೆದಂತೆ ಸಡಿಲವಾಗುತ್ತದೆ, ಪ್ರತಿ ಸಲವೂ ಹೊಸ ಖರ್ಚು.

ಬೇಟೆಗೂ ಗುರಿ ಅಭ್ಯಾಸಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಬೇಟೆಯಲ್ಲಿ ಗುಂಡು ಯಾವಾಗ ಹಾರುತ್ತದೆಂದು ಮೊದಲೇ ತಿಳಿದಿರುವುದಿಲ್ಲ. ಮೂರು ಗಂಟೆ ಏನೂ ಇಲ್ಲ, ಮರುಕ್ಷಣ ಜಿಂಕೆ ಎದುರಿಗೆ. ಸಾಮಾನ್ಯ ಮಫ್ ಹಾಕಿದ ಮಗುವಿಗೆ ಅಪ್ಪನ ಪಿಸುಮಾತೂ ಕೇಳಿಸದು, ಎಲೆಯ ಸದ್ದೂ ಕೇಳಿಸದು. ಬೇಸರಗೊಂಡು ಕುತ್ತಿಗೆಗೆ ಇಳಿಸಿಕೊಳ್ಳುತ್ತದೆ, ಗುಂಡು ಹಾರುವಾಗ ಮಫ್ ಅಲ್ಲೇ ಇರುತ್ತದೆ. ಎಲೆಕ್ಟ್ರಾನಿಕ್ ಮಫ್ ಬಿಡಿಸುವುದು ಈ ತೊಡಕನ್ನೇ. ಅದರ ಮೈಕ್ರೊಫೋನು ಮೆಲುಸದ್ದನ್ನು ಒಳಗೆ ಕೊಡುತ್ತದೆ, ಸುಮಾರು 85 ಡೆಸಿಬಲ್ ದಾಟಿದ ಸದ್ದನ್ನು ಕೊಡುವುದನ್ನು ನಿಲ್ಲಿಸುತ್ತದೆ. ಗುಂಡಿನಿಂದ ರಕ್ಷಿಸುವುದು ಇಲ್ಲಿಯೂ ಬಟ್ಟಲು ಮತ್ತು ಮೆತ್ತೆಗಳೇ, ವಿದ್ಯುನ್ಮಂಡಲವಲ್ಲ. ಆದರೆ ದಿನವಿಡೀ ತಲೆಯ ಮೇಲೆ ಉಳಿಯುವ 21ರ ಮಫ್, ಕುತ್ತಿಗೆಯಲ್ಲಿ ನೇತಾಡುವ 27ರ ಮಫ್‌ಗಿಂತ ಎಷ್ಟೋ ಮೇಲು. ಸಂಗೀತ ಕೇಳಲು ಬಳಸುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನುಗಳನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅವು ವಿಮಾನದ ಗುಂಯ್‌ಗುಡುವಿಕೆಯಂಥ ಏಕತಾನದ ಸದ್ದಿಗಾಗಿ ಮಾಡಿದವು, ಗುಂಡಿಗೆ ಲೆಕ್ಕಕ್ಕಿಲ್ಲ.

ಹಸುಗೂಸುಗಳಿಗೆಂದು ಮೆತ್ತನೆಯ ಪಟ್ಟಿಯ ಮಫ್‌ಗಳು ಮಾರುಕಟ್ಟೆಯಲ್ಲಿವೆ. ಪಟಾಕಿ, ಸಂಗೀತ ಕಛೇರಿಗಳಿಗೆ ಅವು ಉಪಯುಕ್ತ. ಬಂದೂಕಿನ ಪಕ್ಕಕ್ಕೆ ಹಸುಗೂಸನ್ನು ಕರೆದೊಯ್ಯಲು ಅವು ಪರವಾನಗಿಯಲ್ಲ.

ಬಂದೂಕು ಯಾವುದು, ಮಗು ಎಲ್ಲಿ

ಕಿವಿಗೆ ಹಾಕುವುದನ್ನು ಆರಿಸುವ ಮುನ್ನ ಬಂದೂಕನ್ನು ಆರಿಸುವುದು ಜಾಣತನ. ಪಾಯಿಂಟ್ 22 ರೈಫಲಿನ 140ರಲ್ಲಿ ಅದೇ 22ರ ಮಫ್ ಹದಿನಾರೂವರೆ ಕಳೆದರೆ ಉಳಿಯುವುದು 123ರ ಸುಮಾರು. ಮಗು ಕೆಲವು ಹೆಜ್ಜೆ ಹಿಂದೆ ಸರಿದರೆ 120ರ ಕೆಳಗೆ. ಹೆಚ್ಚಿನ ರಾಜ್ಯಗಳಲ್ಲಿ ಆ ರೈಫಲಿನಿಂದ ಜಿಂಕೆ ಹೊಡೆಯುವಂತಿಲ್ಲ. ಅಳಿಲು, ಮೊಲಗಳಿಗೆ ಬಳಸಬಹುದು. ಬಿಲ್ಲುಬೇಟೆಯ ಋತುವಿನಲ್ಲಾದರೆ ಕಿವಿಯ ಪ್ರಶ್ನೆಯೇ ಏಳುವುದಿಲ್ಲ. ಚಿಕ್ಕ ಮಕ್ಕಳ ಮೊದಲ ಕೆಲವು ವರ್ಷಗಳಿಗೆ ಸಪ್ರೆಸರಿನ ನೂರಾರು ಡಾಲರ್ ಖರ್ಚಿಗಿಂತ ಇದು ಉತ್ತಮ ದಾರಿಯೆಂದು ಲೆಕ್ಕವೇ ಹೇಳುತ್ತದೆ.

ಮಕ್ಕಳ ಕೈಗೆ ಕೊಡುವ ರೈಫಲಿನ ಒದೆತ ತಗ್ಗಲೆಂದು ನಳಿಕೆಯ ತುದಿಗೆ ಮಝಲ್ ಬ್ರೇಕ್ ಎಂಬ ಸಾಧನ ಹಾಕಿಸುವವರಿದ್ದಾರೆ. ಅದು ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುವುದರಿಂದ ಹಾರಿಸುವವರ ಮತ್ತು ಪಕ್ಕದಲ್ಲಿ ಕೂತವರ ಕಿವಿಗೆ ಬೀಳುವ ಸದ್ದು ಇನ್ನೂ ಹೆಚ್ಚುತ್ತದೆ. ಭುಜವನ್ನು ಉಳಿಸಲು ಹೋಗಿ ಕಿವಿಯನ್ನು ತೆತ್ತಂತೆ. ಸಪ್ರೆಸರ್ ಒದೆತವನ್ನೂ ಸದ್ದನ್ನೂ ಒಟ್ಟಿಗೆ ತಗ್ಗಿಸುತ್ತದೆ ಎಂಬುದು ಅದರ ಪರವಾದ ಗಟ್ಟಿ ಅಂಶ.

ಸ್ವಲ್ಪ ದೂರ ನಿಲ್ಲಿಸಿದರೆ ಆಯಿತು ಎಂಬುದೂ ಅರೆಬರೆ ತಿಳಿವಳಿಕೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 160 ಇದ್ದದ್ದು 120ಕ್ಕೆ ಇಳಿಯಲು ನೂರು ಮೀಟರ್ ಬೇಕು. ಮರದ ಹಲಗೆಯ ಮರೆಗೂಡಿನೊಳಗಿಂದ ಹಾರಿಸಿದರೆ ಈ ಲೆಕ್ಕವೂ ಕೆಡುತ್ತದೆ, ಏಕೆಂದರೆ ನಳಿಕೆಯ ಬಾಯಿ ಕಿಂಡಿಯೊಳಗೇ ಇದ್ದರೆ ಸದ್ದು ಗೋಡೆಗಳಿಗೆ ಬಡಿದು ಮರಳುತ್ತದೆ. ಬಲಗೈಯಲ್ಲಿ ಹಾರಿಸುವವರ ಎಡಗಿವಿಯೇ ಹೆಚ್ಚು ಕೆಡುವುದು ಅದು ನಳಿಕೆಯ ಕಡೆಗೆ ತಿರುಗಿರುವುದರಿಂದ. ಪಕ್ಕದಲ್ಲಿ, ತುಸು ಮುಂದೆ ಕೂತ ಮಗು ಇನ್ನೂ ಕೆಟ್ಟ ಜಾಗದಲ್ಲಿರುತ್ತದೆ. ಹಾರಿಸುವವರ ಹಿಂದೆ ಕೂರಿಸಿ, ಸೇಫ್ಟಿ ತೆಗೆಯುವ ಮುನ್ನ ಮಗುವಿನ ಕಿವಿಯನ್ನೊಮ್ಮೆ ನೋಡಿ, ಮಫ್ ಇಳಿದಿದ್ದರೆ ಜಿಂಕೆಯನ್ನು ಬಿಟ್ಟುಬಿಡುವ ನಿಯಮಕ್ಕೆ ಯಾವ ಖರ್ಚೂ ಇಲ್ಲ.

ನಮ್ಮ ಕಡೆಗೆ ತಿರುಗಿದರೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಕರ್ನಾಟಕದಲ್ಲಿ ಮಕ್ಕಳನ್ನು ಬೇಟೆಗೆ ಕರೆದೊಯ್ಯುವ ಪ್ರಶ್ನೆ ಬರುವುದಿಲ್ಲ. ಆದರೆ ಮಕ್ಕಳ ಪಕ್ಕದಲ್ಲಿ ಬಂದೂಕು ಸಿಡಿಯುವ ಸಂದರ್ಭಗಳು ಕೊಡಗಿನಲ್ಲಿವೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹೊತ್ತಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ, ಪುತ್ತರಿಯ ಕದಿರು ಕೊಯ್ಯುವಾಗ ಹಾರಿಸುವ ಗುಂಡು, ಇವೆಲ್ಲ ಮನೆಮಂದಿಯೆಲ್ಲ ನೆರೆದಿರುವ ಹೊತ್ತಿನವು. ಮೇಲಿನ ಲೆಕ್ಕ ಅಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ. ಬಯಲಾದ್ದರಿಂದ ಮಕ್ಕಳನ್ನು ಹಿಂದೆ ಸರಿಸುವುದು ಸುಲಭ. ಇನ್ನು ಪಟಾಕಿಗೆ ನಮ್ಮ ನಿಯಮ ಒಪ್ಪಿಕೊಂಡಿರುವ ಗರಿಷ್ಠ ಮಿತಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ ಸದ್ದಿನ ತುದಿಯ ಲೆಕ್ಕದಲ್ಲಿ 145 ಡೆಸಿಬಲ್. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ 120ರ ಮುಂದೆ ಇದನ್ನಿಟ್ಟರೆ, ಕಾನೂನುಬದ್ಧ ಪಟಾಕಿಯೂ ಮಗುವಿನ ಕಿವಿಗೆ ಸುರಕ್ಷಿತವಲ್ಲ ಎಂದಾಗುತ್ತದೆ.

ಮುಂದೇನಾಗಬಹುದು

1934ರ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1937ರ ಸೊನ್‌ಜಿನ್ಸ್ಕಿ ಪ್ರಕರಣದಲ್ಲಿ ಎತ್ತಿಹಿಡಿದದ್ದು ಅದು ತೆರಿಗೆ ಕಾನೂನು ಎಂಬ ನೆಲೆಯಲ್ಲಿ. ತೆರಿಗೆಯೇ ಸೊನ್ನೆಯಾದ ಮೇಲೆ ನೋಂದಣಿಗೆ ಯಾವ ಆಧಾರ ಉಳಿಯಿತು ಎಂದು ಕೇಳುವ ದಾವೆಗಳು ಫೆಡರಲ್ ನ್ಯಾಯಾಲಯಗಳ ಮುಂದೆ ಬಂದಿವೆ. ವಾದಿಗಳು ಗೆದ್ದರೆ ಸಪ್ರೆಸರ್ ಬಳಕೆ ಇನ್ನಷ್ಟು ಹರಡುತ್ತದೆ. ಆಗ ಪಕ್ಕದಲ್ಲಿರುವ ಮಗುವಿಗೆ ಬೀಳುವ ಸದ್ದು ನಿಜಕ್ಕೂ ಇಳಿಯುತ್ತದೆ. ಅದರ ಜೊತೆಗೇ, ಸದ್ದು ಹಿತವಾಗಿದೆ ಎಂದು ದೊಡ್ಡವರು ಮಫ್ ಬಿಟ್ಟು, ಅವರನ್ನು ನೋಡಿ ಮಕ್ಕಳೂ ಬಿಡುವ ಸಾಧ್ಯತೆ ಇದೆ. ಹಾಗಾದರೆ 30 ಡೆಸಿಬಲ್ ಗಳಿಸಿ 16 ಕಳೆದುಕೊಂಡಂತೆ. ಮಗು ಮಿತಿಯ ಹೊರಗೇ ಉಳಿಯುತ್ತದೆ. ನಿಷೇಧವಿರುವ ಎಂಟು ರಾಜ್ಯಗಳ ಕುಟುಂಬಗಳಿಗೆ, ಆ ರಾಜ್ಯಗಳ ಕಾನೂನುಗಳೇ ಬದಲಾಗದ ಹೊರತು, ಮಫ್, ದೂರ ಮತ್ತು ಚಿಕ್ಕ ಬಂದೂಕು ಬಿಟ್ಟು ಬೇರೆ ದಾರಿಯಿಲ್ಲ.

ಎಲ್ಲ ರಾಜ್ಯಗಳಲ್ಲೂ ಎಲ್ಲ ಮಕ್ಕಳೂ ಬಳಸಬೇಕಾದ ಮಫ್‌ನ ಮೇಲಿನ ಅಂಕಿಯ ಬಗ್ಗೆ ಮಾತ್ರ ಯಾರೂ ದಾವೆ ಹೂಡಿದಂತಿಲ್ಲ, ಮಸೂದೆ ತಂದಂತಿಲ್ಲ. ಆ ಅಂಕಿಯ ನಿಯಮವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1979ರಲ್ಲಿ ಹೊರಡಿಸಿತು. ಅದನ್ನು ನೋಡಿಕೊಳ್ಳಬೇಕಿದ್ದ ಶಬ್ದ ನಿಯಂತ್ರಣ ವಿಭಾಗಕ್ಕೆ 1982ರಲ್ಲಿ ಹಣ ನಿಂತುಹೋಯಿತು. 2009ರಲ್ಲಿ ಹೊಸ ಪರೀಕ್ಷಾ ವಿಧಾನ ಮತ್ತು ಹೊಸ ಲೇಬಲ್‌ನ ಕರಡು ಹೊರಬಂದರೂ ಅದು ಅಂತಿಮಗೊಳ್ಳಲಿಲ್ಲ. ಹೀಗಾಗಿ ಆರು ವರ್ಷದ ಮಗುವಿಗೆಂದು ಬಣ್ಣದ ಡಬ್ಬಿಯಲ್ಲಿ ಮಾರುವ ಮಫ್‌ಗೂ ವಯಸ್ಕರ ತಲೆಯ ಮೇಲೆ ಅಳೆದ ಅಂಕಿಯನ್ನೇ ಇನ್ನೂ ಅಚ್ಚು ಹಾಕಲಾಗುತ್ತಿದೆ.